ಎಲ್ಲರ ಪರವಾಗಿ ಸಿಟ್ಟು

"ಎಂಟನೇ ಕ್ಲಾಸು ದಾಟದೋನ ಕೈಗೆ ಪೆನ್ನು ಕೊಟ್ಟಿದ್ದು ನನ್ನ ತಪ್ಪು. ಇವನ ಅಕ್ಕನ ಮುಖ ನೋಡಿ ಇಟ್ಕೊಂಡಿದ್ದೀನಿ. ಇಲ್ದಿದ್ರೆ ಕೊಳೆ ಬಟ್ಟೆ ಜೊತೆ ಇವನನ್ನೂ ಮಷಿನ್ನಿಗೆ ಹಾಕಿ ತಿರುಗಿಸ್ತಿದ್ದೆ."

ಸೋಮವಾರ ಬೆಳಗ್ಗೆ ಎಂಟು ಗಂಟೆಗೆ, ಆಸ್ಪತ್ರೆ ಬಟ್ಟೆ ಒಗೆಯುವ ನಮ್ಮ ಕಾರ್ಖಾನೆಯ ಪ್ಯಾಕಿಂಗ್ ಹಾಲಿನಲ್ಲಿ ಸಾಲಾಗಿ ನಿಂತಿದ್ದ ನಲವತ್ತು ಜನರ ಮುಂದೆ ಈ ಮಾತು ಹೇಳಿದವರು ನಮ್ಮ ಸೂಪರ್‌ವೈಸರ್. ಮುಖ ನೋಡಿದೆ ಎಂದರಲ್ಲ, ಆ ಅಕ್ಕ ಅವರ ಹೆಂಡತಿ. ಹಾಗಾಗಿ ಅವರು ನನಗೆ ಭಾವ. ಆದರೆ ಗೇಟಿನ ಒಳಗೆ 'ಸರ್', ಗೇಟಿನ ಹೊರಗೆ 'ಭಾವ' ಎಂದು ಅವರೇ ಕಾನೂನು ಮಾಡಿದ್ದರು. ಬೈಗುಳಕ್ಕೆ ಮಾತ್ರ ಗೇಟಿರಲಿಲ್ಲ.

ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಮೇಲುಸಾಲಿನ ಒಂದು ಹಲ್ಲುಸೆಟ್ಟು. ನಮ್ಮ ಮಷಿನ್ನಿನಲ್ಲಿ ಕುದಿನೀರು ಕುಡಿದು, ಡ್ರೈಯರಿನಲ್ಲಿ ಸುತ್ತಿ, ಸ್ವಲ್ಪ ಸೊಟ್ಟಗಾಗಿ, ಹಿಂದೆಂದೂ ಇಲ್ಲದಷ್ಟು ಬೆಳ್ಳಗಾಗಿತ್ತು. ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದ ರೋಗಿಯೊಬ್ಬ ಒಗೆದ ನಿಲುವಂಗಿ ತೊಟ್ಟು ಜೇಬಿಗೆ ಕೈ ಹಾಕಿದ್ದಾನೆ. ಒಳಗೆ ಯಾರದೋ ಹಲ್ಲು ಬೆರಳಿಗೆ ತಾಗಿದೆ. ಅವನು ಕಿರುಚಿಕೊಂಡ ರಭಸಕ್ಕೆ ಪಕ್ಕದ ಹಾಸಿಗೆಯವನ ಹೊಲಿಗೆ ಬಿಟ್ಟಿತು ಎಂದು ಕಾರ್ಖಾನೆಯಲ್ಲಿ ಸುದ್ದಿ. ಅದು ಸುಳ್ಳಿರಬಹುದು. ಆಸ್ಪತ್ರೆಯಿಂದ ಪತ್ರ ಬಂದದ್ದು ಸುಳ್ಳಲ್ಲ. ಹೊಣೆ ಯಾರದೋ ಅವರ ಹೆಸರು ಒಂದು ತಿಂಗಳೊಳಗೆ ಬರೆದು ಕಳಿಸಿ, ಇಲ್ಲವಾದರೆ ಬಟ್ಟೆ ಬೇರೆ ಕಡೆ ಕೊಡುತ್ತೇವೆ ಎಂದಿತ್ತು. ಹಾಗೆ ಹೆಸರು ಹೋದವನಿಗೆ ಆಸ್ಪತ್ರೆ ಬಟ್ಟೆ ಒಗೆಯುವ ಯಾವ ಕಡೆಯೂ ಆಮೇಲೆ ಕೆಲಸ ಸಿಗುವುದಿಲ್ಲ. ಕೊಳೆ ಬಟ್ಟೆಗಿಂತ ವೇಗವಾಗಿ ಹೆಸರು ಓಡಾಡುತ್ತದೆ.

ನಲವತ್ತು ಜನವೂ ನಕ್ಕರು. ಮೂರನೇ ಸಾಲಿನಲ್ಲಿದ್ದ ಅಕ್ಕ ಮಾತ್ರ ನಗಲಿಲ್ಲ, ನೆಲ ನೋಡಿದಳು. ನಾನು ಕೂಗಿದೆ: ಆ ಬಟ್ಟೆ ಹೋದ ಚೀಲದ ಕಾರ್ಡಿನಲ್ಲಿ ಐದು ಸಹಿ ಇದೆ, ನನ್ನದು ಎರಡನೆಯದು, ಉಳಿದ ನಾಲ್ಕು ಜನ ಯಾವ ಕಾಲೇಜಿನವರು ಎಂದು. ಕೂಗಿದ್ದು ಸಾಲದೆ ಪಕ್ಕದಲ್ಲಿದ್ದ ಖಾಲಿ ಟ್ರಾಲಿಗೆ ಒದ್ದೆ. ಅದು ಹೋಗಿ ಗೋಡೆಗೆ ಬಡಿಯಿತು. ಅಲ್ಲಿಗೆ ಮುಗಿಯಿತು. ನಾನು ಕೇಳಿದ ಪ್ರಶ್ನೆ ಮಧ್ಯಾಹ್ನದ ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ, ಟ್ರಾಲಿ ಎಲ್ಲರಿಗೂ ನೆನಪಿತ್ತು. ನನ್ನನ್ನು ಇಲ್ಲಿ ಕುಕ್ಕರ್ ಎಂದು ಕರೆಯುತ್ತಾರೆ.

ನಮ್ಮ ಕೆಲಸದ ರೀತಿ ಹೇಳದಿದ್ದರೆ ಈ ಹಲ್ಲಿನ ಕಥೆ ಯಾರಿಗೂ ಅರ್ಥವಾಗುವುದಿಲ್ಲ. ಮೂರು ಆಸ್ಪತ್ರೆಗಳ ಬಟ್ಟೆ ನಮ್ಮಲ್ಲಿಗೆ ನೀಲಿ ಚೀಲದಲ್ಲಿ ಬರುತ್ತದೆ, ಬಿಳಿ ಚೀಲದಲ್ಲಿ ಹೋಗುತ್ತದೆ. ನಡುವೆ ಐದು ಕೈ. ಚೀಲ ಬಿಚ್ಚಿ ಬಟ್ಟೆ ವಿಂಗಡಿಸಿ ಜೇಬು ನೋಡುವ ಮೇಜಿನಲ್ಲಿ ಅಕ್ಕ. ಒಗೆಯುವ ಮಷಿನ್ನಿನಲ್ಲಿ ನಾನು. ಒಣಗಿಸುವ ಕಡೆ ಡ್ರೈಯರ್ ಅಣ್ಣ, ಇರುವೆಗೂ ದಾರಿ ಬಿಡುವ ಮನುಷ್ಯ. ಮಡಿಸುವ ಮೇಜಿನಲ್ಲಿ ಎಲ್ಲರೂ ಚಿಕ್ಕಮ್ಮ ಎನ್ನುವ ಹೆಂಗಸು. ಕೊನೆಗೆ ಚೀಲ ಕಟ್ಟುವವನು. ಪ್ರತಿ ಚೀಲದ ಜೊತೆ ಒಂದು ಕಾರ್ಡು, ಕಾರ್ಡಿನಲ್ಲಿ ಐದು ಚೌಕ, ಚೌಕಕ್ಕೊಂದು ಸಹಿ.

ಮೊದಲು ಒಂದೇ ಸಹಿ ಇತ್ತಂತೆ. ಮಡಿಸುವವಳೊಬ್ಬಳಿಗೆ ಇಂಜೆಕ್ಷನ್ ಸೂಜಿ ಚುಚ್ಚಿದಾಗ ಎರಡಾಯಿತು. ಯಾರದೋ ಫೋನು ಒಗೆದುಹೋದಾಗ ಮೂರು. ರಕ್ತದ ಕಲೆ ಹಾಗೇ ಹೋದಾಗ ನಾಲ್ಕು. ಒಬ್ಬ ಮುದುಕಿಯ ಉಂಗುರ ಕಳೆದಾಗ ಐದು. ಉಂಗುರ ಸಿಗಲಿಲ್ಲ, ಐದನೆಯ ಸಹಿ ಉಳಿಯಿತು. ನಮ್ಮ ಯಜಮಾನರು ಎಷ್ಟು ಸಲ ಹೆದರಿದ್ದಾರೆ ಎಂದು ತಿಳಿಯಬೇಕಾದರೆ ಆ ಚೌಕಗಳನ್ನು ಎಣಿಸಿದರೆ ಸಾಕು.

ಈಗ ತಮಾಷೆ ಕೇಳಿ. ಕೆಲಸ ಶುರುವಾದ ಮೇಲೆ ಎಲ್ಲರ ಕೈಯೂ ಒದ್ದೆ, ಇಲ್ಲವೇ ಕೈಗವಸಿನೊಳಗೆ. ಶಾಯಿ ಹರಡುತ್ತದೆ, ಕಾರ್ಡು ಹರಿಯುತ್ತದೆ. ಹಾಗಾಗಿ ಎಂಟಕ್ಕೆ ಕಾಲು ಗಂಟೆ ಇರುವಾಗಲೇ ಐವರೂ ಕೂತು ಆ ದಿನದ ಅರವತ್ತು ಕಾರ್ಡಿಗೂ ಒಟ್ಟಿಗೆ ಸಹಿ ಮಾಡಿ ಮುಗಿಸುತ್ತೇವೆ. ಇದಕ್ಕೆ ಒಣಗೈ ಸಹಿ ಎಂದು ಹೆಸರು. ಚೀಲ ಇನ್ನೂ ಆಸ್ಪತ್ರೆಯಲ್ಲೇ ಇರುತ್ತದೆ, ಅದನ್ನು ನಾವು ಪರೀಕ್ಷಿಸಿ ಆಗಿರುತ್ತದೆ. ನನಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಇದನ್ನು ಕಲಿಸಿದವರು ಭಾವ. ಪೆನ್ನು ಹೇಗೆ ಹಿಡಿದರೆ ಅರವತ್ತಕ್ಕೆ ಬೆರಳು ನೋಯುವುದಿಲ್ಲ ಎಂಬುದನ್ನೂ ಸೇರಿಸಿ. ಐದು ಜನ ನೋಡುತ್ತಾರೆ ಎಂದಾಗ ಯಾರು ಯಾಕೆ ನೋಡಬೇಕು? ಹಿಂದಿನವನು ನೋಡಿರುತ್ತಾನೆ, ಮುಂದಿನವನು ನೋಡುತ್ತಾನೆ.

ಜೇಬಿನ ವಿಷಯ ಇನ್ನೊಂದು. ಪ್ರತಿ ಜೇಬನ್ನೂ ಒಳಹೊರಗು ಮಾಡಿ ನೋಡಬೇಕು ಎಂಬುದು ನಿಯಮ. ನಾಲ್ಕು ತಿಂಗಳ ಹಿಂದೆ ಮೂರನೇ ಆಸ್ಪತ್ರೆ ಸೇರಿದಾಗ, ಅಷ್ಟೆಲ್ಲ ಹೊತ್ತಿಲ್ಲ, ಅಂಗೈಯಿಂದ ತಟ್ಟಿ ನೋಡಿ, ಭಾರ ಅನಿಸಿದರೆ ಮಾತ್ರ ತೆಗೆಯಿರಿ ಎಂದು ಭಾವ ಬಾಯಿಮಾತಿನಲ್ಲಿ ಹೇಳಿದರು. ಅಕ್ಕ ತಟ್ಟಿದಳು. ಒಂದು ಸಾಲು ಹಲ್ಲು ಎಷ್ಟು ಭಾರ ಇದ್ದೀತು?

ಅಂದರೆ ಜೇಬು ತಟ್ಟಿದವಳು ಹೆಂಡತಿ, ತಟ್ಟು ಎಂದವರು ಗಂಡ, ಬೈಸಿಕೊಂಡವನು ಹೆಂಡತಿಯ ತಮ್ಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಾನು ಅವರ ಮನೆಯ ಮುಂದಿನ ಕೋಣೆಯಲ್ಲೇ ಇರುತ್ತೇನೆ. ಅಂದು ಸಂಜೆ ಊಟಕ್ಕೆ ಕೂತಾಗ ಭಾವ ನನ್ನ ಕಡೆ ನೀರಿನ ಚೊಂಬು ಸರಿಸಿ, ಕಾರ್ಖಾನೆ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಬೇರೆ ಯಾರಿಗಾದರೂ ಅಂದಿದ್ದರೆ ಅಳುತ್ತಿದ್ದರಂತೆ, ನಾನಾದರೆ ತಡೆದುಕೊಳ್ಳುತ್ತೇನಂತೆ. ಇದು ಹೊಗಳಿಕೆ. ಅಕ್ಕ ನನ್ನ ತಟ್ಟೆಗೆ ಕೇಳದೆ ಎರಡು ಸಲ ಬಡಿಸಿದಳು.

ಯಜಮಾನರಿಗೆ ಯಾರೋ ಗೆಳೆಯರು ಹೇಳಿದರಂತೆ, ಇಂಥ ತಪ್ಪುಗಳು ಕೈಯಿಂದ ಆಗುವುದಲ್ಲ, ಮನಸ್ಸಿನಿಂದ ಆಗುವುದು. ಗುಂಪಿಗೂ ಒಂದು ಒಳಮನಸ್ಸು ಇರುತ್ತದೆ, ಅದಕ್ಕೂ ಡಾಕ್ಟರು ಇರುತ್ತಾರೆ ಎಂದು. ಒಂದು ಮೇಜು, ಇಬ್ಬರು ಜನ ಹೆಚ್ಚು ಹಾಕಿದ್ದರೆ ಜೇಬು ತಿರುಗಿಸಬಹುದಿತ್ತು. ಅದು ಬಿಟ್ಟು ಒಳಮನಸ್ಸನ್ನು ತಿರುಗಿಸಲು ಒಬ್ಬ ಮೇಡಂ ಬಂದರು. ಐವತ್ತು ದಾಟಿದವರು, ಹತ್ತಿಯ ಬಟ್ಟೆ, ಚಪ್ಪಲಿ ಸದ್ದಾಗದ ನಡಿಗೆ. ಪ್ರತಿ ಗುರುವಾರ ಮೂರು ಗಂಟೆಗೆ ಮಡಿಸುವ ಹಾಲಿನಲ್ಲಿ ಹನ್ನೆರಡು ಕುರ್ಚಿ ದುಂಡಗೆ ಹಾಕಿ, ಮಷಿನ್ ನಿಲ್ಲಿಸಿ, ಐದು ಮೇಜಿನಿಂದ ಇಬ್ಬಿಬ್ಬರು, ಜೊತೆಗೆ ಭಾವ ಮತ್ತು ಮೇಡಂ, ಹೀಗೆ ಕೂರಬೇಕು ಎಂದಾಯಿತು. ಯಜಮಾನರು ಬರಲಿಲ್ಲ. ಅವರಿಗೆ ಒಳಮನಸ್ಸು ಇಲ್ಲವೋ ಏನೋ.

ಮೊದಲ ಗುರುವಾರ ಮೇಡಂ ತಮ್ಮ ಹೆಸರು ಹೇಳಿದರು, ಇಲ್ಲಿ ಏನು ಬೇಕಾದರೂ ಮಾತಾಡಬಹುದು ಎಂದರು, ಆಮೇಲೆ ಬಾಯಿ ಮುಚ್ಚಿದರು. ಇಪ್ಪತ್ತು ನಿಮಿಷ ಒಂದು ಮಾತಿಲ್ಲ. ನನ್ನ ಆಯುಸ್ಸಿನಲ್ಲಿ ಮಷಿನ್ ನಿಂತ ಆ ಹಾಲನ್ನು ನಾನು ಅಷ್ಟು ಹೊತ್ತು ಕೇಳಿದ್ದೇ ಇಲ್ಲ. ಚಿಕ್ಕಮ್ಮ ಕರ್ಚೀಫನ್ನು ನಾಲ್ಕು ಮಡಿಕೆ, ಎಂಟು ಮಡಿಕೆ, ಹದಿನಾರು ಮಡಿಕೆ ಮಾಡಿ ಬಿಚ್ಚಿ ಮತ್ತೆ ಶುರು ಮಾಡಿದರು. ಡ್ರೈಯರ್ ಅಣ್ಣ ಕೆಮ್ಮಿ, ಕೆಮ್ಮಿದ್ದಕ್ಕೆ ಕ್ಷಮೆ ಕೇಳಿದ. ಭಾವ ವಾಚು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ, ಹೇಳಿಕೊಟ್ಟ ಹಾಗೆ, ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಸಿಡಿದೆ. ಒಣಗೈ ಸಹಿ, ಅಂಗೈ ತಟ್ಟುವ ನಿಯಮ, ಮೂರನೇ ಆಸ್ಪತ್ರೆ, ಎಲ್ಲ ಹೇಳಿದೆ. ಅಕ್ಕನ ಮೇಜು ಎನ್ನಲಿಲ್ಲ, ಬಿಚ್ಚುವ ಮೇಜು ಎಂದೆ. ಹೇಳುವಾಗ ಕುರ್ಚಿ ಬಿದ್ದಿತು, ಎತ್ತಲಿಲ್ಲ. ಎಲ್ಲರೂ ತಮ್ಮ ತಮ್ಮ ಕಾಲು ನೋಡುತ್ತಿದ್ದರು. ನಾನು ಮುಗಿಸಿದಾಗ ತಲೆ ಎತ್ತಿದರು, ಒಂದೊಂದು ಮುಖವೂ ಸ್ನಾನ ಮಾಡಿ ಬಂದ ಹಾಗೆ ಹೊಳೆಯುತ್ತಿತ್ತು. ಒಬ್ಬರೂ ಹೌದು ಎನ್ನಲಿಲ್ಲ, ಒಬ್ಬರೂ ಇಲ್ಲ ಎನ್ನಲಿಲ್ಲ.

ಮೇಡಂ ನನ್ನನ್ನೇ ನೋಡಿ ಮೆಲ್ಲಗೆ ಕೇಳಿದರು. "ನೀವು ಹೇಳಿದ್ದೆಲ್ಲ ನಿಜ ಇರಬಹುದು. ಆದ್ರೆ ನಲವತ್ತು ಜನ ಇರೋ ಕಡೆ ಯಾವಾಗ್ಲೂ ನೀವೊಬ್ರೇ ಯಾಕೆ ಹೇಳ್ತೀರಿ?"

ನನಗೆ ಆ ಹೆಂಗಸನ್ನು ಕುರ್ಚಿ ಸಮೇತ ಎತ್ತಿ ಆಚೆ ಇಡಬೇಕು ಅನಿಸಿತು. ಉಳಿದವರಿಗೆ ಧೈರ್ಯವಿಲ್ಲ, ಅದಕ್ಕೆ ಎಂದೆ. ಅವರು ತಲೆಯಾಡಿಸಿದರು. ಧೈರ್ಯ ಬೇಕಾಗಿಯೇ ಇಲ್ಲವೇನೋ, ನೀವಿದ್ದೀರಲ್ಲ ಎಂದರು.

ಮುಂದಿನ ವಾರ ಒಬ್ಬೊಬ್ಬರನ್ನೇ ಕರೆದು ಮಾತಾಡಿದರು. ಸೋಪುಪುಡಿ ಇಡುವ ಕೋಣೆಯಲ್ಲಿ ಎರಡು ಸ್ಟೂಲು. ನನ್ನ ಸರದಿ ಬಂದಾಗ ಮನೆಯ ಬಗ್ಗೆ ಕೇಳಿದರು. ನನ್ನ ಮನೆ ಕಟ್ಟಿಕೊಂಡು ನಿಮಗೇನಾಗಬೇಕು ಎಂದೆ. ಏನೂ ಆಗಬೇಕಿಲ್ಲ ಎಂದು ಸುಮ್ಮನೆ ಕೂತರು. ಹಾಗೆ ಕೂತವರ ಮುಂದೆ ಮನುಷ್ಯ ಎಷ್ಟು ಹೊತ್ತು ತಡೆದಾನು? ಹೇಳಿಬಿಟ್ಟೆ.

ಅಪ್ಪ ಒಂದು ಕಂಪನಿಯ ಲಾರಿ ಓಡಿಸುತ್ತಿದ್ದರು. ಅವರಷ್ಟು ತಣ್ಣನೆಯ ಮನುಷ್ಯ ಬೀದಿಯಲ್ಲೇ ಇರಲಿಲ್ಲ. ಅಮ್ಮ ಬೇಗ ಹೋದಳು, ನನ್ನನ್ನು ಎತ್ತಿ ಆಡಿಸಿದವಳು ಅಕ್ಕ. ಕಂಪನಿಯವರು ಅಪ್ಪನನ್ನು ಬೈದ ದಿನ ಅವರು ಮನೆಗೆ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು, ಮಾತಿಲ್ಲ. ಮನೆ ಹಗ್ಗದ ಹಾಗೆ ಬಿಗಿಯುತ್ತಿತ್ತು. ಆಗ ನಾನು ಏನಾದರೂ ಒಡೆಯುತ್ತಿದ್ದೆ. ಒಂದು ಲೋಟ, ಒಂದು ತಟ್ಟೆ, ಕಿಟಕಿಯ ಗಾಜು ಒಂದು ಸಲ. ಯಾಕೆಂದು ನನಗೇ ಗೊತ್ತಿರಲಿಲ್ಲ. ಅಪ್ಪ ಎದ್ದು ಬಂದು ಎರಡು ಬಿಗಿದು, ಆಮೇಲೆ ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದರು. ನಾನು ತಟ್ಟೆ ಒಡೆದ ದಿನ ಅವರು ಚೆನ್ನಾಗಿ ಉಣ್ಣುತ್ತಿದ್ದರು. ಶಾಲೆಯಲ್ಲೂ ಅದೇ. ಲೆಕ್ಕದ ಮೇಷ್ಟ್ರು ಉಗ್ಗುವ ಹುಡುಗನೊಬ್ಬನನ್ನು ಅಣಕಿಸಿದಾಗ ಇಡೀ ತರಗತಿ ತಿರುಗಿ ನೋಡಿದ್ದು ನನ್ನನ್ನು. ಡಸ್ಟರ್ ಎಸೆದವನು ನಾನು, ಶಾಲೆ ಬಿಟ್ಟವನು ನಾನು. ಆ ಉಗ್ಗುವ ಹುಡುಗ ಈಗ ಬ್ಯಾಂಕಿನಲ್ಲಿದ್ದಾನೆ, ದಾರಿಯಲ್ಲಿ ಸಿಕ್ಕರೆ ನನ್ನ ಗುರುತು ಹಿಡಿಯುವುದಿಲ್ಲ.

ಮೇಡಂ ಏನನ್ನೂ ಬರೆದುಕೊಳ್ಳಲಿಲ್ಲ. ಗುಂಪು ತನ್ನೊಳಗೆ ಇಟ್ಟುಕೊಳ್ಳಲಾಗದ್ದನ್ನು ಒಬ್ಬನ ಕೈಗೆ ಕೊಟ್ಟು ಅವನನ್ನು ಕುದಿಸುತ್ತದೆ, ಕೊಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ, ತೆಗೆದುಕೊಂಡವನಿಗೂ ಗೊತ್ತಾಗುವುದಿಲ್ಲ ಎಂದರು. ಅದಕ್ಕೆ ಅವರ ಶಾಸ್ತ್ರದಲ್ಲಿ ಒಂದು ದೊಡ್ಡ ಹೆಸರು ಇದೆಯಂತೆ. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಎಂದರೆ ಇದೇ ಅಲ್ಲವೇ ಎಂದು ಕೇಳಿದೆ. ಅವರು ಮೊದಲ ಸಲ ನಕ್ಕರು. ಸ್ವಲ್ಪ ಬೇರೆ ಎಂದರು. ಇಲ್ಲಿ ಸೊಸೆಯರು ತೆಪ್ಪಗಿರುತ್ತಾರೆ, ಅತ್ತೆಯನ್ನು ಪರಚಲು ಕೊತ್ತಿಯನ್ನು ಕಳಿಸುತ್ತಾರೆ. ಪರಚಿದ ಮೇಲೆ, ಈ ಕೊತ್ತಿಗೆ ಹುಚ್ಚು ಎನ್ನುತ್ತಾರೆ.

ಈ ಮಾತು ನನ್ನನ್ನು ಎರಡು ದಿನ ನಿದ್ದೆ ಮಾಡಗೊಡಲಿಲ್ಲ. ಸುಳ್ಳು ಎಂದು ಸಾಬೀತು ಮಾಡಬೇಕು ಎಂದೇ ಬೆಳಗ್ಗೆಯಿಂದ ಗಮನಿಸಲು ಶುರು ಮಾಡಿದೆ. ಹಾಳಾದ್ದು, ನಿಜವಾಗಿತ್ತು. ಎಂಟೂ ಕಾಲಿಗೆ ಡ್ರೈಯರ್ ಅಣ್ಣ ಬಂದು ನನ್ನ ಕಿವಿಯಲ್ಲಿ, ಎರಡನೇ ಡ್ರೈಯರಿನ ಬೆಲ್ಟು ಸುಟ್ಟ ವಾಸನೆ ಬರುತ್ತಿದೆ, ಯಾರೂ ಕೇಳುವವರಿಲ್ಲ ಎಂದ. ಹೇಳಿ ಹಗುರಾಗಿ ಹೋದ. ಒಂಬತ್ತಕ್ಕೆ ಚಿಕ್ಕಮ್ಮ ಬಂದು, ಬೆನ್ನುನೋವಿಗೆ ಒಂದು ಸ್ಟೂಲು ಕೇಳಿ ಆರು ತಿಂಗಳಾಯಿತು ಎಂದರು. ಹೇಳಿ ಹಗುರಾಗಿ ಹೋದರು. ಹತ್ತಕ್ಕೆ ಚೀಲ ಕಟ್ಟುವವನು. ಹನ್ನೊಂದಕ್ಕೆ ನಾನು ತುಂಬಿ ಕೂತಿದ್ದೆ. ಬೆಲ್ಟು ನನ್ನದಲ್ಲ, ಬೆನ್ನು ನನ್ನದಲ್ಲ, ಆದರೂ ಭಾವ ಆ ಕಡೆ ಹಾದುಹೋದರೆ ಬಾಯಿ ತೆರೆಯಲು ಸಿದ್ಧವಾಗಿದ್ದೆ. ಇಷ್ಟು ವರ್ಷ ಸಿಟ್ಟು ನನ್ನ ಆಸ್ತಿ ಎಂದುಕೊಂಡು ಮೆರೆದಿದ್ದೆ. ನೋಡಿದರೆ ನಾನು ಬರೀ ಗೋದಾಮು.

ಇನ್ನೂ ಅವಮಾನದ ಸಂಗತಿ ಇನ್ನೊಂದಿತ್ತು. ಬೆಲ್ಟಿನ ಬಗ್ಗೆ ನಾನು ಕೂಗಿದ ತಕ್ಷಣ ಅದು ಬೆಲ್ಟಿನ ವಿಷಯವಾಗಿ ಉಳಿಯುತ್ತಿರಲಿಲ್ಲ, ಕುಕ್ಕರಿನ ವಿಷಯವಾಗುತ್ತಿತ್ತು. ಇವನದು ಇದ್ದದ್ದೇ ಎಂದು ಭಾವ ಕೈ ಬೀಸುತ್ತಿದ್ದರು. ನನ್ನ ಬಾಯಿಗೆ ಬಂದ ನಿಜ ಕೂಡ ಮೈಲಿಗೆಯಾಗುತ್ತಿತ್ತು. ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವ ಯಜಮಾನರಿಗೆ ಬೇಕು?

ಸರಿ, ಒಂದು ವಾರ ಬಾಯಿ ಮುಚ್ಚಿ ನೋಡೋಣ ಎಂದುಕೊಂಡೆ. ಮೇಡಂ ಹೇಳಿದ್ದಕ್ಕಲ್ಲ, ಹಟಕ್ಕೆ. ಡ್ರೈಯರ್ ಅಣ್ಣ ಬಂದು ಬೆಲ್ಟಿನ ವಿಷಯ ಎತ್ತಿದ. ಹೌದಾ, ಸರ್‌ಗೆ ಹೇಳಿ ಅಣ್ಣ ಎಂದೆ. ಅವನು ನನ್ನ ಮುಖವನ್ನು ಹಿಂದೆ ಮುಂದೆ ನೋಡಿ, ಹುಷಾರಿಲ್ವಾ ಎಂದು ಕೇಳಿದ. ಚಿಕ್ಕಮ್ಮ ಬಂದು ಬೆನ್ನು ಹಿಡಿದುಕೊಂಡು ನಿಂತರು. ಪಾಪ ಎಂದೆ. ಅವರು ಅಲ್ಲೇ ಇನ್ನೂ ಎರಡು ನಿಮಿಷ ನಿಂತರು, ಬಾಕಿ ಏನೋ ಬರಬೇಕಿದೆ ಎನ್ನುವ ಹಾಗೆ.

ಮೂರನೇ ದಿನಕ್ಕೆ ಕಾರ್ಖಾನೆ ಕೆಟ್ಟಿತು. ಇರುವೆಗೆ ದಾರಿ ಬಿಡುವ ಡ್ರೈಯರ್ ಅಣ್ಣ ಸ್ವಿಚ್ಚಿಗೆ ಹೊಡೆದು ಅದರ ಮುಚ್ಚಳ ಮುರಿದ. ಚಿಕ್ಕಮ್ಮ ಇಪ್ಪತ್ತು ವರ್ಷದ ಗೆಳತಿಯ ಜೊತೆ ಯಾವುದೋ ಕತ್ತರಿಯ ವಿಷಯಕ್ಕೆ ಜಗಳವಾಡಿ, ಬೆನ್ನು ತಿರುಗಿಸಿ ಕೂತು ಉಂಡರು. ಚೀಲ ಕಟ್ಟುವವನು ಎರಡು ಚೀಲ ತಪ್ಪು ಆಸ್ಪತ್ರೆಗೆ ಕಳಿಸಿದ. ಭಾವನಿಗೆ ಹೊಟ್ಟೆನೋವು. ಬೈಯಲು ಬಂದರೆ ನಾನು ಸರಿ ಸರ್ ಎನ್ನುತ್ತಿದ್ದೆ. ಮೆಟ್ಟಿಲಿದೆ ಎಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದಿದ್ದರೆ ಮನುಷ್ಯ ಹೇಗೆ ಮುಗ್ಗರಿಸುತ್ತಾನೋ ಹಾಗೆ ಮುಗ್ಗರಿಸುತ್ತಿದ್ದರು. ಒಬ್ಬೊಬ್ಬರಾಗಿ ಬಂದು, ಏನೋ ಕುಕ್ಕರ್, ಸೀಟಿನೇ ಕೇಳಿಸ್ತಿಲ್ಲ ಎಂದರು. ಮೊದಲು ತಮಾಷೆಗೆ, ಆಮೇಲೆ ಬೇಡಿಕೆಯ ಹಾಗೆ.

ಮನೆಯಲ್ಲೂ ಅಷ್ಟೇ. ಭಾವ ಊಟ ಬಿಟ್ಟರು. ಅಕ್ಕ ಪಾತ್ರೆ ತೊಳೆಯುತ್ತಾ ಕಾರಣವಿಲ್ಲದೆ ಅತ್ತಳು. ಶನಿವಾರ ಸಂಜೆ ನನ್ನ ಕೋಣೆಗೆ ಬಂದು ಬಾಗಿಲ ಬಳಿ ನಿಂತು, ನಿನಗೇನಾಗಿದೆ ಎಂದು ಕೇಳಿದಳು. ಏನೂ ಇಲ್ಲ ಎಂದೆ.

"ಹಿಂಗಿರಬೇಡ ಕಣೋ. ನೀನು ಕೂಗಾಡಿದ್ರೆ ಮನೇಲಿ ಯಾರೋ ಇದ್ದಾರೆ ಅನ್ಸುತ್ತೆ."

ಅವಳು ಜೇಬಿನ ಮಾತು ಎತ್ತುತ್ತಾಳೆ ಎಂದು ಕಾದೆ. ಎತ್ತಲಿಲ್ಲ. ಅಂಗೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಹೋದಳು. ನನಗೆ ಅವಳ ಮೇಲೆ ಕೋಪ ಬರಬೇಕಿತ್ತು. ಬೆಲ್ಟಿಗೆ, ಸ್ಟೂಲಿಗೆ, ಅಪ್ಪನ ಕಂಪನಿಗೆ, ಬ್ಯಾಂಕಿನ ಉಗ್ಗನಿಗೆ ಇಷ್ಟು ವರ್ಷ ಬಂದ ಕೋಪ, ಇವಳ ಹತ್ತಿರ ಬಂದು ಹಿಂಜರಿಯುತ್ತಿತ್ತು. ನನ್ನ ಕೈಗೆ ಮೊದಲ ತುತ್ತು ಕೊಟ್ಟವಳ ಮೇಲೆ ಸಿಟ್ಟಾಗುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ನಾಲ್ಕನೇ ಗುರುವಾರಕ್ಕೆ ಆಸ್ಪತ್ರೆಯ ಗಡುವಿಗೆ ಎರಡು ದಿನ ಉಳಿದಿತ್ತು. ಅಂದು ಯಜಮಾನರೂ ಬಂದರು. ಹದಿಮೂರನೇ ಕುರ್ಚಿ ಹಾಕಿಸಿ, ಅದು ಉಳಿದ ಕುರ್ಚಿಗಳಿಗಿಂತ ಎತ್ತರದ್ದು ಎಂದು ಯಾರಿಗೂ ಗೊತ್ತಾಗದ ಹಾಗೆ ಕೂತರು. ಮೇಡಂ ಹದಿನಾಲ್ಕು ಪುಟದ ವರದಿ ಕೊಟ್ಟಿದ್ದರಂತೆ. ಬಹಳ ಚೆನ್ನಾಗಿದೆ, ಎಲ್ಲ ಓದಿದೆ, ಸಾರ ತೆಗೆದು ಜಾರಿಗೆ ತಂದಿದ್ದೇನೆ ಎಂದು ಯಜಮಾನರು ಹೇಳಿ ಹೊಸ ಕಾರ್ಡು ತೋರಿಸಿದರು. ಕಾರ್ಡಿನಲ್ಲಿ ಈಗ ಆರು ಚೌಕ. ಆರನೆಯದರ ಮೇಲೆ 'ಮನಸ್ಸು ಶಾಂತವಾಗಿದೆ' ಎಂದು ಅಚ್ಚಾಗಿತ್ತು. ಪ್ರತಿ ಚೀಲಕ್ಕೂ ಐವರೂ ಅದರಲ್ಲಿ ಸಣ್ಣದಾಗಿ ಸಹಿ ಮಾಡಬೇಕು.

ಶುಕ್ರವಾರದಿಂದ ಜಾರಿ. ಡ್ರೈಯರ್ ಅಣ್ಣ ಕೈ ಎತ್ತಿ, ಅದನ್ನೂ ಬೆಳಗ್ಗೆಯೇ ಮಾಡಬಹುದೇ ಎಂದು ವಿನಯದಿಂದ ಕೇಳಿದ. ಭಾವ, ಬೆಳಗ್ಗೆ ಅಲ್ಲದೆ ಇನ್ಯಾವಾಗ, ಆಮೇಲೆ ಕೈ ಒದ್ದೆಯಿರುತ್ತಲ್ಲ ಎಂದರು. ಅರವತ್ತು ಚೀಲದ ಶಾಂತಿ ಎಂಟಕ್ಕೆ ಮೊದಲೇ ಮುಗಿದಿರುತ್ತದೆ.

ಮೇಡಂ ಮುಖ ಬಿಳಿಚಿಕೊಂಡಿತು. ನಾನು ಬರೆದದ್ದು ಇದಲ್ಲ, ಸಹಿ ಹೆಚ್ಚಾದಷ್ಟೂ ಹೆದರಿಕೆಯನ್ನು ಮುಚ್ಚಿಡುತ್ತೀರಿ ಎಂದೇ ಬರೆದಿದ್ದೇನೆ, ಏಳನೇ ಪುಟದಲ್ಲಿದೆ ಎಂದರು. ಯಜಮಾನರು ಅವರನ್ನು ಪ್ರೀತಿಯಿಂದ ನೋಡಿ, ಅದೇ ಅದೇ, ಅದಕ್ಕೇ ಈ ಚೌಕ ಎಂದರು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವವರನ್ನು ನೋಡಿದ್ದೆ. ಬೆಣ್ಣೆಯನ್ನು ತಲೆಗೆ ಮೆತ್ತಿಕೊಳ್ಳುವವರನ್ನು ಅವತ್ತೇ ನೋಡಿದ್ದು. ಮೇಡಂ ಮೇಲೆ ನನಗೆ ಮೊದಲ ಸಲ ಕನಿಕರ ಬಂತು. ಅವರನ್ನು ಕರೆಸಿದ್ದು ಕೇಳಲಿಕ್ಕಲ್ಲ, ಕರೆಸಿದ್ದೆವು ಎಂದು ಹೇಳಲಿಕ್ಕೆ.

ಆಮೇಲೆ ಭಾವ ಒಂದು ಕಾಗದ ತೆಗೆದರು. ಆಸ್ಪತ್ರೆಗೆ ಕಳಿಸುವ ಉತ್ತರ. ಒಬ್ಬ ನೌಕರನಿಗೆ ಬಾಲ್ಯದಿಂದ ಬಂದ ಸಿಟ್ಟಿನ ತೊಂದರೆಯಿದ್ದು, ಅದರಿಂದ ಗಮನ ತಪ್ಪಿ ಈ ಅಚಾತುರ್ಯವಾಗಿದೆ, ತಜ್ಞರಿಂದ ಅವನಿಗೆ ನೆರವು ಕೊಡಿಸಲಾಗುತ್ತಿದೆ ಎಂದಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಸೋಪುಕೋಣೆಯ ಮಾತು ಮೇಡಂ ಹೇಳಿರಲಿಲ್ಲ. ಅಪ್ಪನ ಕಥೆ ಭಾವನಿಗೆ ಮೊದಲೇ ಗೊತ್ತು, ಮನೆಯವರಲ್ಲವೇ. ಶಾಸ್ತ್ರದ ಭಾಷೆ ಮಾತ್ರ ಹೊಸದಾಗಿ ಕಲಿತಿದ್ದರು.

ಯಜಮಾನರು ಬಾಗಿ ನನಗೆ ವಿವರಿಸಿದರು. ಹೆಸರು ಹೋದರೂ ಕೆಲಸ ಹೋಗುವುದಿಲ್ಲ, ಇಲ್ಲೇ ಇರು, ನಿನ್ನಂಥವನು ಒಬ್ಬ ಇರಲೇಬೇಕು ಎಂದರು. ಅದರಷ್ಟು ಸತ್ಯವಾದ ಮಾತು ಆ ಹಾಲಿನಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಬೇರೆಲ್ಲೂ ಕೆಲಸ ಸಿಗದವನಾಗಿ, ಸಿಟ್ಟಿನವನು ಎಂದು ಬರೆದುಕೊಟ್ಟು, ಇಲ್ಲೇ ಸಾಯುವ ತನಕ ಇವರ ಬೆಲ್ಟು, ಬೆನ್ನುಗಳ ಪರವಾಗಿ ಕೂಗುತ್ತಾ ಇರಬೇಕು. ಬರೆದುಕೊಡದಿದ್ದರೆ ಹೆಸರು ಹೇಗೂ ಹೋಗುತ್ತದೆ, ಕೆಲಸವೂ ಹೋಗುತ್ತದೆ.

ಭಾವ ಪೆನ್ನು ಕೊಟ್ಟರು. ತೆಗೆದುಕೊಂಡೆ.

ಹನ್ನೆರಡು ಜನ ಕುರ್ಚಿಯ ಅಂಚಿಗೆ ಸರಿದರು. ಹೆದರಿದ್ದಾರೆ ಎಂದು ಮೊದಲು ಅನಿಸಿತು. ಅಲ್ಲ, ಕಾಯುತ್ತಿದ್ದರು. ವಾರವೆಲ್ಲ ಕಟ್ಟಿಕೊಂಡದ್ದನ್ನು ನಾನು ಈಗ ಬಿಡುತ್ತೇನೆ, ಕಾಗದ ಹರಿಯುತ್ತೇನೆ, ಕುರ್ಚಿ ಎತ್ತುತ್ತೇನೆ, ಆಮೇಲೆ ಎಲ್ಲರೂ ಹಗುರಾಗಿ ಮನೆಗೆ ಹೋಗಬಹುದು. ಭಾವನ ಕಣ್ಣಲ್ಲಿ ಕೂಡ ಅದೇ ಆಸೆ. ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟೆ. ಸಹಿ ಮಾಡಲಿಲ್ಲ, ಮಾತೂ ಆಡಲಿಲ್ಲ.

ಎಷ್ಟು ಹೊತ್ತಾಯಿತೋ. ಚಿಕ್ಕಮ್ಮನ ಕರ್ಚೀಫು ನೆಲಕ್ಕೆ ಬಿದ್ದಿತು, ಎತ್ತಿಕೊಳ್ಳಲಿಲ್ಲ. ಮೇಡಂ ನನಗೇನನಿಸುತ್ತಿದೆ ಎಂದು ಕೇಳಲು ಬಾಯಿ ತೆರೆದು, ಕೇಳದೆ ಮುಚ್ಚಿಕೊಂಡರು. ಅದು ಅವರು ಮಾಡಿದ ಒಳ್ಳೆಯ ಕೆಲಸ. ಏನಾದ್ರೂ ಅನ್ನೋ ಮಾರಾಯ ಎಂದು ಡ್ರೈಯರ್ ಅಣ್ಣ ಗೊಣಗಿದ. ಯಜಮಾನರು ಕಾಲು ಬದಲಿಸಿದರು.

ಆಗ ಅಕ್ಕ ಮಾತಾಡಿದಳು. ಮೂರು ಗುರುವಾರ ಅವಳು ಬಾಯಿ ತೆರೆದವಳಲ್ಲ.

"ಜೇಬು ನೋಡ್ಬೇಕಾಗಿದ್ದೋಳು ನಾನು. ತಟ್ಟಿ ಬಿಟ್ಟೆ. ತಟ್ಟು ಅಂದಿದ್ದು ಇವರು."

ಬೆರಳು ತೋರಿಸಿದ್ದು ಗಂಡನ ಕಡೆಗೆ. ಇದೇ ಮಾತನ್ನು ಇದೇ ಹಾಲಿನಲ್ಲಿ ನಾನು ಕುರ್ಚಿ ಬೀಳಿಸಿ ಹೇಳಿದ್ದೆ, ಅದು ಗಾಳಿಗೆ ಹೋಗಿತ್ತು. ಅವಳು ಕೂತಲ್ಲೇ ಮೆಲ್ಲಗೆ ಹೇಳಿದ್ದು ನೆಲಕ್ಕೆ ಇಳಿದು ನಿಂತಿತು. ಅಳಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಭಾವ ಬಾಯಿ ತೆರೆದರು, ಶಾಸ್ತ್ರದ ಭಾಷೆ ಬರಲಿಲ್ಲ.

ಅಕ್ಕ ಅವರನ್ನು ನೋಡುತ್ತಿರಲಿಲ್ಲ. ನನ್ನ ಕಡೆ ತಿರುಗಿದ್ದಳು.

"ಗೊತ್ತಿತ್ತು ನಿಂಗೆ. ಮೊದಲ್ನೇ ದಿನಾನೇ ಗೊತ್ತಿತ್ತು. ನನ್ನ ಮೇಲೆ ಸಿಟ್ಟಿಲ್ವೇನೋ ನಿಂಗೆ?"

ಇತ್ತು. ಹೊಟ್ಟೆ ತುಂಬ ಇತ್ತು. ಆದರೆ ಅದು ಯಾರೂ ನನ್ನ ಕೈಗೆ ಕೊಟ್ಟದ್ದಾಗಿರಲಿಲ್ಲ, ನನ್ನದೇ ಆಗಿತ್ತು. ಅದನ್ನು ಹನ್ನೆರಡು ಜನರ ಮುಂದೆ ಬಿಚ್ಚಿ, ಅವರೆಲ್ಲ ಮುಖ ತೊಳೆದುಕೊಂಡು ಹೋಗಲು ಬಿಡುವ ಮನಸ್ಸಾಗಲಿಲ್ಲ.

ಎದ್ದೆ. ಕುರ್ಚಿಯನ್ನು ಸದ್ದಾಗದ ಹಾಗೆ ಹಿಂದೆ ಸರಿಸಿದೆ. ಮಡಿಸುವ ಮೇಜು, ಡ್ರೈಯರು, ನನ್ನ ಮಷಿನ್ನು ದಾಟಿ, ಬಿಚ್ಚದ ನೀಲಿ ಚೀಲಗಳ ರಾಶಿಯ ಪಕ್ಕದಿಂದ ಬಾಗಿಲ ಕಡೆ ನಡೆದೆ. ಹಿಂದೆ ಭಾವ ಏನೋ ಗದರಿದರು. ಅದಕ್ಕೆ ಅಕ್ಕ, ಅವರಿಗಿಂತ ದೊಡ್ಡ ದನಿಯಲ್ಲಿ, ಏನೋ ತಿರುಗಿ ಹೇಳಿದಳು. ಸ್ಟೂಲಿನ ಬಗ್ಗೆ ಚಿಕ್ಕಮ್ಮನ ದನಿ ಎದ್ದಿತು, ಬೆಲ್ಟು ಎಂಬ ಮಾತು ಕೇಳಿಸಿತು, ಆಮೇಲೆ ಒಂದು ಕುರ್ಚಿ ಬಿದ್ದಿತು. ನಾನು ತಿರುಗಲಿಲ್ಲ. ಅಂಗಳದಲ್ಲಿ ವ್ಯಾನಿನ ಚಾಲಕ, ಒಳಗೇನು ಗಲಾಟೆ ಎಂದು ಕೇಳಿದ. ಅವನಿಗೂ ಉತ್ತರ ಕೊಡದೆ ಗೇಟು ದಾಟಿ, ಬಸ್ಸು ನಿಲ್ಲುವ ಕಡೆಗೆ ಹೊರಟೆ.